ಎಕ್ಸ್‌ರೇ ಸಾಫ್ ಮಾಡುವ ಮಜೂನ್ ಇಲ್ಲ

“ಹಕೀಮ್ ಸಾಬ್, ಎದೆ ಎಕ್ಸ್‌ರೇ ಕ್ಲಿಯರ್ ಆಗುವಂಥ ಮಜೂನ್ ಏನಾದರೂ ಇದ್ದರೆ ಕೊಡಿ. ಹತ್ತೇ ದಿನ ಟೈಮ್ ಇದೆ.”

ಮಳವಳ್ಳಿ ಕಡೆಯ ಇಪ್ಪತ್ತೇಳರ ಯುವಕನೊಬ್ಬ ನನ್ನ ದವಾಖಾನೆಗೆ ಬಂದು ಹೀಗೆ ಕೇಳಿದ. ಟೈಲ್ಸ್ ಹಾಕುವ ಕೆಲಸದವನು. ಸೌದಿಯ ವೀಸಾ ಬಂದಿತ್ತು, ಬೆಂಗಳೂರಿನಲ್ಲಿ ಮಾಡಿಸಿದ ಮೆಡಿಕಲ್‌ನಲ್ಲಿ ‘ಅನ್‌ಫಿಟ್’ ಆಗಿತ್ತು. ‘ಯುನಾನಿ ದವಾ ತಗೋ, ಎದೆ ಸಾಫ್ ಆಗುತ್ತೆ’ ಎಂದು ಏಜೆಂಟ್ ಕಳಿಸಿದ್ದನಂತೆ. ಅಂಥ ಮಜೂನ್ ನನ್ನಲ್ಲಿಲ್ಲ, ಯಾವ ಹಕೀಮರಲ್ಲೂ ಇಲ್ಲ. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದೆ. ಒಂದೂವರೆ ತಿಂಗಳು ಎಂದ. ಸರ್ಕಾರಿ ಆಸ್ಪತ್ರೆಗೆ ಕಫ ಪರೀಕ್ಷೆಗೆ ಕಳಿಸಿದೆ. ಟಿಬಿ ಇತ್ತು. ಮನೆಯಲ್ಲಿ ಹಾಲು ಕುಡಿಯುವ ಮಗು ಬೇರೆ.

ಅವನು ಕೆಮ್ಮನ್ನು ಯಾಕೆ ಮುಚ್ಚಿಟ್ಟ ಎಂದು ಬೈಯುವ ಮೊದಲು ಯಾಕೆ ಹೊರಟ ಎಂದು ಕೇಳಬೇಕು. ಮಂಡ್ಯ ಎಂದರೆ ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ ಎಂದು ಹೊರಗಿನವರು ತಿಳಿದಿದ್ದಾರೆ. ಆದರೆ ನಾಲೆಯ ನೀರು ಜಮೀನಿದ್ದವರಿಗೆ. ನಮ್ಮ ಮೊಹಲ್ಲಾಗಳ ಬಹಳಷ್ಟು ಮನೆಗಳು ಬದುಕುವುದು ವೆಲ್ಡಿಂಗ್, ಪೇಂಟಿಂಗ್, ಗ್ಯಾರೇಜು, ಸಣ್ಣ ವ್ಯಾಪಾರದ ಮೇಲೆ. ರೈತನ ಕೈಯಲ್ಲಿ ದುಡ್ಡಾಡಿದರೆ ಇವರಿಗೂ ಕೆಲಸ. 2023ರಂತೆ ಮಳೆ ಕೈಕೊಟ್ಟು ನಾಲೆ ಒಣಗಿದರೆ ಮದ್ದೂರಿನ ಅಂಗಡಿಯೂ ಒಣಗುತ್ತದೆ. ತಂಗಿಯ ನಿಕಾಹ್, ಮನೆ ಮೇಲಿನ ಸಾಲ, ಅಬ್ಬಾರ ಆಪರೇಷನ್, ಎಲ್ಲವೂ ಒಟ್ಟಿಗೆ ಬರುವಾಗ ಬೆಂಗಳೂರಿನ ಸಂಬಳ ಸಾಲದು. ಆಗ ಅಮ್ಮಿಯ ಬಳೆ ಅಡವಿಟ್ಟು ವೀಸಾ ಹುಡುಕುತ್ತಾರೆ.

ಇನ್ನು ಆ ಎಕ್ಸ್‌ರೇ ವಿಷಯ. ಕೆಲಸದ ವೀಸಾಕ್ಕೆ ಗಲ್ಫ್ ದೇಶಗಳು ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಕೇಳುತ್ತವೆ. ಹರಡುವ ಟಿಬಿ ಇದ್ದವನನ್ನು ತಡೆಯುವುದು ಸರಿಯೇ. ಇಬ್ನ್ ಸೀನಾ ಕೂಡ ಕ್ಷಯವನ್ನು ಅಂಟುವ ರೋಗವೆಂದೇ ಎಣಿಸಿದ್ದರು. ನನ್ನ ತಕರಾರು ಬೇರೆ. ಪೂರ್ತಿ ಔಷಧಿ ಮುಗಿಸಿ ಗುಣವಾದವನ ಶ್ವಾಸಕೋಶದಲ್ಲೂ ಹಳೆಯ ಕಲೆ ಉಳಿಯಬಹುದು. ಅದು ರೋಗವಲ್ಲ, ಮಾಯ್ದ ಗಾಯದ ಗುರುತು. ಆ ಕಲೆಯ ಕಾರಣಕ್ಕೇ ಅನ್‌ಫಿಟ್ ಆಗಿ ಬಂದವರನ್ನು ನೋಡಿದ್ದೇನೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳು ಟಿಬಿ ಕಂಡವರಿಗೆ ಚಿಕಿತ್ಸೆ ಮುಗಿಸಿ ಬನ್ನಿ ಎನ್ನುತ್ತವೆ. ಗಲ್ಫ್‌ನ ನಿಯಮವೂ ಹಾಗೆ ಬದಲಾಗಬೇಕು. ಟಿಬಿ ಎಂದರೆ ಬಾಗಿಲು ಶಾಶ್ವತವಾಗಿ ಮುಚ್ಚಿತು ಎಂಬ ಭಯವಿದ್ದರೆ ಜನ ಕೆಮ್ಮನ್ನು ನುಂಗುತ್ತಾರೆ. ಅಲ್ಲಿ ಸೇರಿದ ಮೇಲೂ ಅಷ್ಟೇ: ಇಖಾಮಾ ಹೋಗಿ ಊರಿಗೆ ಕಳಿಸಿಬಿಡುತ್ತಾರೆಂದು ಹೆದರಿ, ಎಂಟು ಜನ ಮಲಗುವ ಕೋಣೆಯಲ್ಲಿ ಬಾಯಿಗೆ ಟವೆಲ್ ಒತ್ತಿ ಕೆಮ್ಮುತ್ತಾರೆ. ನಿಯಮ ತಡೆಯಹೊರಟ ಸೋಂಕನ್ನು ನಿಯಮದ ಭಯವೇ ಹರಡುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ವೀಸಾ ಬರುವ ಮೊದಲೇ ಕಫ ಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಅದು ಉಚಿತ, ಔಷಧಿಯೂ ಉಚಿತ. ಸಾಮಾನ್ಯವಾಗಿ ಆರು ತಿಂಗಳ ಕೋರ್ಸ್. ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತದೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಈ ಮಾತ್ರೆಗಳ ಬದಲಿಗೆ ನನ್ನ ದವಾ ಕೇಳಬೇಡಿ. ಊಟ, ನಿದ್ದೆ, ಗಾಳಿಯ ವಿಷಯದಲ್ಲಿ ನಾನು ಜೊತೆಗಿರಬಲ್ಲೆ.

ಗಾಳಿ ಎಂದೆ. ಯುನಾನಿಯಲ್ಲಿ ಬದುಕಿಗೆ ಬೇಕಾದ ಆರು ಅಂಶಗಳಲ್ಲಿ ಮೊದಲನೆಯದು ಅದೇ. ಜುಲೈನ ಗಲ್ಫ್ ಗಾಳಿ ನಮ್ಮ ಮೇ ತಿಂಗಳಿನಂತಲ್ಲ. ಅದಕ್ಕಾಗಿ ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕತಾರ್ 2021ರಿಂದ ಜೂನ್ 1ರಿಂದಲೇ ಬೆಳಿಗ್ಗೆ 10ರಿಂದ 3.30ರವರೆಗೆ ನಿಲ್ಲಿಸಿದೆ. ಹೊರಡುವ ಮಗನಿಗೆ ಈ ಗಂಟೆಗಳನ್ನು ಬಾಯಿಪಾಠ ಮಾಡಿಸಿ. ಮೂತ್ರ ಕಡು ಹಳದಿಯಾದರೆ, ಮೀನಖಂಡ ಹಿಡಿದುಕೊಂಡರೆ ನೀರು ಸಾಲುತ್ತಿಲ್ಲ ಎಂದರ್ಥ. ತಲೆ ತಿರುಗಿ, ಮಾತು ತೊದಲಿದರೆ ಅದು ತುರ್ತು: ನೆರಳಿಗೆ ಒಯ್ದು ಮೈಗೆ ನೀರು ಸುರಿದು ಆಸ್ಪತ್ರೆಗೆ ಸೇರಿಸಬೇಕು. ಬಾಯಾರಿದಾಗ ಪೆಪ್ಸಿ, ಮೈ ನೋವಿಗೆ ದಿನಾ ನೋವಿನ ಮಾತ್ರೆ: ಬಿಸಿಲಲ್ಲಿ ಈ ಎರಡೂ ಸೇರಿ ಮೂತ್ರಪಿಂಡವನ್ನು ಸುಡುತ್ತವೆ. ನೇಪಾಳದಲ್ಲಿ ಗಲ್ಫ್‌ನಿಂದ ಮರಳಿದ ಹರೆಯದವರು ಡಯಾಲಿಸಿಸ್‌ಗೆ ಬರುತ್ತಿದ್ದಾರೆ. ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿಕೊಂಡರೆ ಸಾಕು.

ಕಾಗದಪತ್ರವೂ ಆರೋಗ್ಯವೇ. ಹತ್ತನೇ ತರಗತಿ ಪಾಸಾಗದವರ ಇಸಿಆರ್ ಪಾಸ್‌ಪೋರ್ಟ್‌ಗೆ ವಲಸೆ ಅನುಮತಿ ಬೇಕು, ಅದರೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ, ಶಾಶ್ವತ ಅಂಗವಿಕಲರಾದರೆ 10 ಲಕ್ಷ. ವಿಸಿಟ್ ವೀಸಾದಲ್ಲಿ ಕದ್ದು ಹೋದವನಿಗೆ ಇದಾವುದೂ ಇಲ್ಲ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. 1983ರ ವಲಸೆ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರಲ್ಲಿ ಹೊರತಂದಿತು. ಮರಳಿ ಬಂದವರಿಗೆ ಒಂದು ಉಚಿತ ಆರೋಗ್ಯ ತಪಾಸಣೆಯೂ ಕಾನೂನಿನಲ್ಲಿ ಸೇರಲಿ ಎಂಬುದು ನನ್ನ ಆಸೆ.

ಹೇಳುತ್ತಾ ಇನ್ನೊಂದು ನೆನಪಾಯಿತು. ನಮ್ಮ ಆಲೆಮನೆಗಳಲ್ಲಿ ಬೆಲ್ಲ ಕಾಯಿಸಲು ಉತ್ತರ ಪ್ರದೇಶದಿಂದ, ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಜನ ಬರುತ್ತಾರೆ. ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ಅವರ ಬಿಡಾರ, ಶೌಚಕ್ಕೆ ಗದ್ದೆ ಬದು. ಅವರಿಗೆ ಕಫೀಲ್ ನಾವೇ ಅಲ್ಲವೇ? ಆಲೆಮನೆ ಇರುವ ಓದುಗರು ಈ ಸುಗ್ಗಿಗೆ ಒಂದು ಶೌಚಾಲಯ, ಒಂದು ಸೋಸಿದ ನೀರಿನ ಡ್ರಮ್ ಇಡಿಸಿ.

ಮಳವಳ್ಳಿಯ ಹುಡುಗನ ಕೋರ್ಸ್ ಈಗ ನಾಲ್ಕನೇ ತಿಂಗಳು. ತೂಕ ಐದು ಕಿಲೋ ಏರಿದೆ. ಮಗುವಿಗೂ ಹೆಂಡತಿಗೂ ತಪಾಸಣೆ ಮಾಡಿಸಿ, ರೋಗ ಬರದಂತೆ ತಡೆಯುವ ಔಷಧಿ ಕೊಡಿಸಿದ್ದೇವೆ. ಆ ವೀಸಾ ಹೋಯಿತು, ಬಳೆ ಇನ್ನೂ ಅಡವಿನಲ್ಲಿದೆ. ಚಿಕಿತ್ಸೆ ಮುಗಿದ ಪ್ರಮಾಣಪತ್ರವನ್ನೂ ಹಳೆಯ, ಹೊಸ ಎಕ್ಸ್‌ರೇಗಳನ್ನೂ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೋ ಎಂದಿದ್ದೇನೆ.