ಸಮುದಾಯ ಭಾವಚಿತ್ರ ಛಾಯಾಗ್ರಹಣ

ಸಮುದಾಯ ಭಾವಚಿತ್ರ ಛಾಯಾಗ್ರಹಣವು ಒಂದು ಬಡಾವಣೆ, ಮೊಹಲ್ಲಾ, ಕೇರಿ ಅಥವಾ ಊರಿನ ಸಾಮಾನ್ಯ ಜನರನ್ನು ಅವರ ನಿತ್ಯದ ಪರಿಸರದಲ್ಲಿಯೇ, ಅವರ ಅರಿವು ಮತ್ತು ಒಪ್ಪಿಗೆಯೊಂದಿಗೆ ಚಿತ್ರಿಸುವ ಛಾಯಾಗ್ರಹಣ ಪ್ರಕಾರವಾಗಿದೆ. ಹೂ ಕಟ್ಟುವವರು, ಸೈಕಲ್ ರಿಪೇರಿ ಮಾಡುವವರು, ಜಗಲಿಯ ಮೇಲೆ ಕುಳಿತ ಹಿರಿಯರು, ಶಾಲೆಯಿಂದ ಹಿಂದಿರುಗುವ ಮಕ್ಕಳು ಇದರ ವಸ್ತು. ದಾರಿಹೋಕರನ್ನು ಅವರಿಗೆ ತಿಳಿಯದಂತೆ ಸೆರೆಹಿಡಿಯುವ ಬೀದಿ ಛಾಯಾಗ್ರಹಣಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಚಿತ್ರಕ್ಕೆ ಒಳಗಾಗುವವರು ಕ್ಯಾಮೆರಾವನ್ನು ನೋಡುತ್ತಾರೆ, ತಮ್ಮ ನಿಲುವನ್ನು ತಾವೇ ಆಯ್ದುಕೊಳ್ಳುತ್ತಾರೆ ಮತ್ತು ಸಾಮಾನ್ಯವಾಗಿ ಚಿತ್ರದ ಒಂದು ಪ್ರತಿಯನ್ನು ಪಡೆಯುತ್ತಾರೆ. ಕರ್ನಾಟಕದಲ್ಲಿ ಈ ದೃಷ್ಟಿಗೆ ಹತ್ತಿರವಾದ ದೊಡ್ಡ ಸಂಗ್ರಹವೆಂದರೆ ಮೈಸೂರಿನ ಟಿ. ಎಸ್. ಸತ್ಯನ್ ಅವರದು.

ಹಿನ್ನೆಲೆ

ಭಾರತಕ್ಕೆ ಕ್ಯಾಮೆರಾ ಬಂದ ಆರಂಭದ ದಶಕಗಳಲ್ಲಿ ಸಾಮಾನ್ಯ ಜನರ ಚಿತ್ರಗಳು ತೆಗೆಯಲ್ಪಟ್ಟವು, ಆದರೆ ಅವರನ್ನು ವ್ಯಕ್ತಿಗಳೆಂದು ಗಣಿಸಲಿಲ್ಲ. ಬ್ರಿಟಿಷ್ ಆಡಳಿತವು 1868 ರಿಂದ 1875 ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥದಲ್ಲಿ ಜನರನ್ನು ಜಾತಿ, ಬುಡಕಟ್ಟು, ಕಸುಬುಗಳ ಮಾದರಿಗಳೆಂದು ವಿಂಗಡಿಸಲಾಯಿತು. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರ 'ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ' (1909, ಏಳು ಸಂಪುಟಗಳು) ಇದೇ ದಾರಿಯಲ್ಲಿ ಸಾಗಿತು. ಥರ್ಸ್ಟನ್ ತಲೆ ಮತ್ತು ಮೂಗಿನ ಅಳತೆಗಳನ್ನು ಸಂಗ್ರಹಿಸುವುದರಲ್ಲಿ ಆಸಕ್ತರಾಗಿದ್ದವರು. ಅವರ ಗ್ರಂಥದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡಿನ ಸೋಲಿಗರ ಕುರಿತ ಬರಹವೂ ಇದೆ. ಇಂಥ ಗ್ರಂಥಗಳ ಚಿತ್ರಗಳ ಕೆಳಗೆ ಕುಲದ ಹೆಸರಿರುತ್ತದೆ, ನಿಂತವರ ಹೆಸರು ಬಹುಪಾಲು ಇರುವುದಿಲ್ಲ. ಸಮುದಾಯ ಭಾವಚಿತ್ರವು ಮುಖ್ಯವಾಗಿ ಈ ಕೊರತೆಯನ್ನು ತುಂಬಲು ಹೊರಟ ಪ್ರಕಾರವೆಂದು ತಿಳಿಯಬಹುದು.

ಇನ್ನೊಂದು ಕಡೆ ಸ್ಟುಡಿಯೊಗಳು ಬೆಳೆದವು. ಬೆಂಗಳೂರಿನ ಜಿ. ಕೆ. ವೇಲ್ ಸ್ಟುಡಿಯೊ 1910 ರಲ್ಲಿ ಆರಂಭವಾಯಿತು. ಅರಮನೆ, ಉದ್ಯಾನ, ಮೆಟ್ಟಿಲುಗಳನ್ನು ಬರೆದ ಪರದೆಯ ಮುಂದೆ, ಕೈಯನ್ನು ಕುರ್ಚಿಯ ಮೇಲಿಟ್ಟು ನಿಂತ ದಂಪತಿಗಳ ಚಿತ್ರಗಳು ಹಳೆಯ ಮೈಸೂರು ಸೀಮೆಯ ಮಧ್ಯಮ ವರ್ಗದ ಮನೆಗಳ ಗೋಡೆಗಳಲ್ಲಿ ಕಾಣುತ್ತಿದ್ದವು. ಸ್ಟುಡಿಯೊಕ್ಕೆ ಹೋಗುವುದೆಂದರೆ ಮಡಿಕೆ ಮುರಿಯದ ಬಟ್ಟೆ ತೊಟ್ಟು ಹೋಗುವುದು. ಆದುದರಿಂದ ಅಲ್ಲಿಯ ಚಿತ್ರಗಳು ಹಬ್ಬದ ಮುಖವನ್ನು ಉಳಿಸಿದವು, ವಾರದ ಉಳಿದ ದಿನಗಳ ಮುಖವನ್ನಲ್ಲ. ಅಡುಗೆಮನೆಯ ಹೊಗೆಯಲ್ಲಿ ನಿಂತ ತಾಯಿಯ ಚಿತ್ರ ಆ ಗೋಡೆಗಳಲ್ಲಿ ಸಿಗುವುದು ಅಪರೂಪ.

ಮೈಸೂರು ಮತ್ತು ಟಿ. ಎಸ್. ಸತ್ಯನ್

ಟಿ. ಎಸ್. ಸತ್ಯನ್ (18 ಡಿಸೆಂಬರ್ 1923 – 13 ಡಿಸೆಂಬರ್ 2009) ಮೈಸೂರಿನಲ್ಲಿ ಜನಿಸಿ ಅಲ್ಲಿಯ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದವರು. ವಿದ್ಯಾರ್ಥಿಯಾಗಿದ್ದಾಗಲೇ ಅವರ ಚಿತ್ರ 'ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಪ್ರಕಟವಾಯಿತು. 1948 ರಲ್ಲಿ ಆರಂಭಗೊಂಡ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ಛಾಯಾಗ್ರಾಹಕರಾಗಿ, ನಂತರ 'ವೀಕ್ಲಿ'ಯಲ್ಲಿ ದುಡಿದು, ಮುಂದೆ ಸ್ವತಂತ್ರ ಛಾಯಾಚಿತ್ರಕಾರರಾದರು. 'ಲೈಫ್' ಪತ್ರಿಕೆಯೂ ಅವರ ಚಿತ್ರಗಳನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯವನ್ನು ದಾಖಲಿಸಿದರು. ಅವರಿಗೆ 1977 ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979 ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಯುನಿಸೆಫ್ ಆಶ್ರಯದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು.

ಪತ್ರಿಕಾ ಛಾಯಾಗ್ರಾಹಕರಾಗಿ ಸತ್ಯನ್ ಪ್ರಧಾನಿಗಳನ್ನೂ ಗಣ್ಯರನ್ನೂ ಚಿತ್ರಿಸಿದ್ದರೂ ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ ಚಿತ್ರಗಳಿಂದ. ಆಡುವ ಮಕ್ಕಳು, ದುಡಿಯುವ ಹೆಂಗಸರು, ಬೀದಿಯ ಮಾತುಕತೆ ಅವರ ಕಪ್ಪು–ಬಿಳುಪು ಚಿತ್ರಗಳ ಬಹುಪಾಲನ್ನು ಆವರಿಸಿವೆ. ಈ ಚಿತ್ರಗಳಲ್ಲಿ ಬಡತನವಿದೆ, ಆದರೆ ಬಡವರನ್ನು ಕನಿಕರಕ್ಕೆ ಒಡ್ಡುವ ಉದ್ದೇಶ ಕಾಣುವುದಿಲ್ಲ. ಹೊರದೇಶದ ಪತ್ರಿಕೆಗಳು ಭಾರತದಿಂದ ಬರಗಾಲ ಮತ್ತು ಹಾವಾಡಿಗರ ಚಿತ್ರಗಳನ್ನೇ ನಿರೀಕ್ಷಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. 'ಇನ್ ಲವ್ ವಿತ್ ಲೈಫ್' ಅವರ ಚಿತ್ರಸಂಪುಟ. 'ಅಲೈವ್ ಅಂಡ್ ಕ್ಲಿಕಿಂಗ್' ಅವರ ನೆನಪುಗಳ ಪುಸ್ತಕ. ಕನ್ನಡದಲ್ಲಿ ಅವರ ಬರಹಗಳು 'ಕಾಲಕ್ಕೆ ಕನ್ನಡಿ' ಎಂಬ ಹೆಸರಿನಲ್ಲಿ ಬಂದಿವೆ.

ಸತ್ಯನ್ ಅವರ ತಮ್ಮ ಟಿ. ಎಸ್. ನಾಗರಾಜನ್ ಕೂಡ ಹೆಸರಾಂತ ಛಾಯಾಚಿತ್ರಕಾರರು. ಅವರು ದೇಶದ ನಾನಾ ಕಡೆಗಳ ಹಳೆಯ ಮನೆಗಳ ಒಳಭಾಗವನ್ನು ಚಿತ್ರಿಸಿದರು. ಅಣ್ಣನ ಚಿತ್ರಗಳಲ್ಲಿ ಬೀದಿಯಿದ್ದರೆ ತಮ್ಮನ ಚಿತ್ರಗಳಲ್ಲಿ ಹಜಾರ, ತೊಟ್ಟಿ, ಪಡಸಾಲೆಗಳಿವೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ನೆರೆಹೊರೆಯ ಒಳಗೂ ಹೊರಗೂ ಕಾಣಿಸಿಕೊಳ್ಳುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ

ನಗರದ ಮೊಹಲ್ಲಾಗಳನ್ನು ಕುರಿತ ಈ ಪ್ರಶ್ನೆಯು ಯಾತ್ರಾಸ್ಥಳಗಳಿಗೂ ಅನ್ವಯಿಸುತ್ತದೆ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಮೈಸೂರು, ಮಂಡ್ಯ, ಬೆಂಗಳೂರು ಮತ್ತು ತಮಿಳುನಾಡಿನಿಂದ ಅಪಾರ ಸಂಖ್ಯೆಯ ಭಕ್ತರು ಬರುತ್ತಾರೆ. ಬೆಟ್ಟದ ಚಿತ್ರಗಳಿಗೆ ಕೊರತೆಯಿಲ್ಲ. ಕಂಸಾಳೆ ಬೀಸುವ ಕಲಾವಿದರು, ದೇವರಗುಡ್ಡರು, ಹುಲಿವಾಹನ, ಬೆಳ್ಳಿರಥ ಮತ್ತೆ ಮತ್ತೆ ಚಿತ್ರಿತವಾಗಿವೆ. ಆದರೆ ಚಿತ್ರದ ಅಡಿಯಲ್ಲಿ 'ಕಂಸಾಳೆ ಕಲಾವಿದ' ಎಂದಷ್ಟೇ ಬರೆದಿದ್ದರೆ ಅದು ಥರ್ಸ್ಟನ್‌ನ ಕಾಲದ ಶೀರ್ಷಿಕೆಗಿಂತ ಬಹಳ ಮುಂದೆ ಬಂದಂತಾಗುವುದಿಲ್ಲ.

ದೀಪಾವಳಿಯ ಹಾಲರವಿ ಉತ್ಸವ ಇದಕ್ಕೆ ಸ್ಪಷ್ಟ ಉದಾಹರಣೆ. ದೇವಾಲಯದ ಅರ್ಚಕರಾದ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಳ್ಳದಿಂದ ಕೊಡಗಳಲ್ಲಿ ನೀರು ಹೊತ್ತು ಸಾಲಾಗಿ ಬರುತ್ತಾರೆ. ಪತ್ರಿಕೆಗಳಲ್ಲಿ ಅಚ್ಚಾಗುವುದು ಆ ಸಾಲಿನ ಚಿತ್ರ. ಅದು ಉತ್ಸವದ ಚಿತ್ರವೇ ಹೊರತು 101 ಹುಡುಗಿಯರ ಭಾವಚಿತ್ರವಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ, ಮನೆಯ ಬಾಗಿಲಲ್ಲಿ ನಿಲ್ಲಿಸಿ, ಹೆಸರು ಕೇಳಿ ತೆಗೆದಾಗ ಮಾತ್ರ ಅದು ಈ ಪ್ರಕಾರಕ್ಕೆ ಸೇರುತ್ತದೆ. ಮುಡಿ ತೆಗೆಯುವವರು, ದಾಸೋಹದ ಅಡುಗೆಯವರು, ತಿರುವಿನ ದಾರಿಯಲ್ಲಿ ಬಸ್ಸು ಓಡಿಸುವ ಚಾಲಕರು, ಸುತ್ತಲ ಪೋಡುಗಳ ಸೋಲಿಗರು, ಕೊಳ್ಳೇಗಾಲದ ರೇಷ್ಮೆ ಸೀರೆಯ ನೇಕಾರರು ಇವರೆಲ್ಲರಿಗೂ ಇದೇ ಮಾತು ಸಲ್ಲುತ್ತದೆ.

ಈ ಭಾಗಕ್ಕೆ ಇನ್ನೊಂದು ಹೊರೆಯೂ ಇತ್ತು. 2004 ರ ಅಕ್ಟೋಬರ್ 18 ರಂದು ವೀರಪ್ಪನ್ ಹತನಾಗುವವರೆಗೆ ಬೆಟ್ಟದ ಸುತ್ತಲ ಕಾಡಿನಿಂದ ಹೊರಜಗತ್ತಿಗೆ ತಲುಪುತ್ತಿದ್ದ ಮುಖವೆಂದರೆ ಹೆಚ್ಚುಕಡಿಮೆ ಅವನ ಮೀಸೆಯ ಮುಖವೊಂದೇ. ಆ ವರ್ಷಗಳಲ್ಲಿ ಅಲ್ಲಿ ಬೆಳೆದ ಮಕ್ಕಳ, ದುಡಿದ ಕೂಲಿಕಾರರ ಮುಖಗಳು ಸುದ್ದಿಯಾಗಲಿಲ್ಲ.

ವಿಧಾನ

ಸಮುದಾಯ ಭಾವಚಿತ್ರಕ್ಕೆ ವಿಶೇಷ ಉಪಕರಣ ಬೇಕಿಲ್ಲ. ಮನೆಯ ಜಗಲಿ ಅಥವಾ ಅಂಗಡಿಯ ಚಾವಣಿಯ ಕೆಳಗಿನ ನೆರಳು ಉತ್ತಮ ಬೆಳಕನ್ನು ಕೊಡುತ್ತದೆ. ನಡುಹಗಲ ಬಿಸಿಲಿನಲ್ಲಿ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಅದೇ ವ್ಯಕ್ತಿ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಒಳಗೆ ನಿಂತರೆ ಹೊರಗಿನ ಬೆಳಕು ಮುಖದ ಮೇಲೆ ಸಮನಾಗಿ ಹರಡುತ್ತದೆ. ತೊಟ್ಟಿಮನೆಗಳಲ್ಲಿ ಬೆಳಕು ಮೇಲಿನಿಂದ ಇಳಿಯುವುದರಿಂದ ಕುಳಿತವರ ಮುಖವನ್ನು ಸ್ವಲ್ಪ ಮೇಲೆತ್ತಿಸುವುದುಂಟು.

1929 ರಲ್ಲಿ ಬಂದ ರೋಲಿಫ್ಲೆಕ್ಸ್‌ನಂಥ ಜೋಡಿ ಮಸೂರದ ಕ್ಯಾಮೆರಾಗಳನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಿತ್ತು. ಛಾಯಾಗ್ರಾಹಕನ ತಲೆ ತಗ್ಗಿರುತ್ತಿದ್ದುದರಿಂದ ಎದುರಿನವರಿಗೆ ದಿಟ್ಟಿಸಿ ನೋಡಿದ ಭಾವನೆ ಬರುತ್ತಿರಲಿಲ್ಲ. ಈಗಿನ ಮೊಬೈಲ್ ಫೋನಿನಲ್ಲಿ ಆ ಅನುಕೂಲವಿಲ್ಲ, ಮುಖಕ್ಕೆ ಎದುರಾಗಿ ಹಿಡಿಯಬೇಕಾಗುತ್ತದೆ.

ಉಪಕರಣಕ್ಕಿಂತ ಹೆಚ್ಚಾಗಿ ಬೇಕಾದುದು ಕಾಲ. ಅಮೆರಿಕದ ಬಫಲೊ ನಗರದ ಮಿಲ್ಟನ್ ರೊಗೊವಿನ್ (1909–2011) ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವರು. ರಾಜಕೀಯ ನಿಲುವಿಗಾಗಿ 1957 ರಲ್ಲಿ ವಿಚಾರಣೆಗೆ ಗುರಿಯಾಗಿ, ವೃತ್ತಿ ಕುಸಿದ ಮೇಲೆ ಕ್ಯಾಮೆರಾ ಹಿಡಿದರು. 1972 ರಲ್ಲಿ ತಮ್ಮ ಊರಿನ ಬಡವರ ಬಡಾವಣೆಯೊಂದರ ಜನರನ್ನು ಚಿತ್ರಿಸಲು ಆರಂಭಿಸಿ, ಅದೇ ಕುಟುಂಬಗಳನ್ನು 1980, 1990 ಮತ್ತು 2000 ರ ದಶಕಗಳಲ್ಲಿ ಮತ್ತೆ ಹುಡುಕಿ ಚಿತ್ರಿಸಿದರು. ನಿಲುವನ್ನು ಜನರೇ ಆರಿಸಿಕೊಳ್ಳಲು ಬಿಡುತ್ತಿದ್ದರು ಮತ್ತು ಪ್ರತಿಯನ್ನು ಅವರಿಗೆ ತಲುಪಿಸುತ್ತಿದ್ದರು. ಎರಡನೆಯ ಭೇಟಿಯಲ್ಲಿ ಬಾಗಿಲು ತೆರೆದದ್ದು ಮೊದಲ ಭೇಟಿಯ ಆ ಪ್ರತಿಯಿಂದ ಎಂದರೆ ತಪ್ಪಾಗಲಾರದು.

ಹಕ್ಕು ಮತ್ತು ಒಪ್ಪಿಗೆ

ಭಾರತದ 1957 ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಭಾವಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ. ಛಾಯಾಗ್ರಾಹಕನು ತಾನಾಗಿ ಕೇರಿಗೆ ಹೋಗಿ ತೆಗೆದ ಚಿತ್ರದ ಹಕ್ಕು ಮಾತ್ರ ಅವನದಾಗುತ್ತದೆ. 2012 ರ ತಿದ್ದುಪಡಿಯ ನಂತರ ಛಾಯಾಚಿತ್ರಗಳ ಹಕ್ಕು ಕರ್ತೃವಿನ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ವಿಸ್ತರಿಸಿದೆ. ಹೀಗಾಗಿ ಸ್ಟುಡಿಯೊಕ್ಕೆ ಹೋಗಬಲ್ಲವರಿಗೆ ತಮ್ಮ ಮುಖದ ಚಿತ್ರದ ಮೇಲೆ ಹಕ್ಕಿದೆ, ಹೋಗಲಾಗದೆ ಬೀದಿಯಲ್ಲಿ ಚಿತ್ರಕ್ಕೆ ನಿಂತವರಿಗೆ ಆ ಹಕ್ಕಿಲ್ಲ. ಪ್ರತಿ ಕೊಡುವ ರೂಢಿಯು ಕಾನೂನಿನಿಂದ ಬಂದುದಲ್ಲ, ಛಾಯಾಗ್ರಾಹಕರ ಸೌಜನ್ಯದಿಂದ ಬಂದುದು.

ಮಕ್ಕಳ ಚಿತ್ರಕ್ಕೆ ಪೋಷಕರ ಒಪ್ಪಿಗೆ ಪಡೆಯುವುದು, ಪ್ರದರ್ಶನಕ್ಕಾಗಿಯೋ ಪುಸ್ತಕಕ್ಕಾಗಿಯೋ ಎಂಬುದನ್ನು ಅವರ ಭಾಷೆಯಲ್ಲೇ ತಿಳಿಸುವುದು ಈಗ ಒಪ್ಪಿತ ಪದ್ಧತಿ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017 ರಲ್ಲಿ ತೀರ್ಪು ನೀಡಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು.