ಗಣಕದ ಆಟದಲ್ಲಿ ತಂತಿಯೇಕೆ ತುಂಡಾಗುತ್ತದೆ?

ಕಳೆದ ದಸರೆಯ ರಜೆಯಲ್ಲಿ ನಾನು ಹರಿಹರಕ್ಕೆ ಹೋದಾಗ ನನ್ನ ತಮ್ಮನು ಗಣಕದ ಮುಂದೆ ಮೋರೆ ಇಳಿಸಿಕೊಂಡು ಕುಳಿತಿದ್ದನು. ಅವನ ಕಾರಿನ ಆಟದಲ್ಲಿ ರಸ್ತೆಯ ಅಂಚೆಲ್ಲ ಗರಗಸದ ಹಲ್ಲಿನಂತೆ. ಕಂಬದಿಂದ ಕಂಬಕ್ಕೆ ಎಳೆದ ತಂತಿಯಂತೂ ತುಂಡು ತುಂಡಾಗಿ ಮಿಣಮಿಣನೆ ಮಿನುಗುತ್ತಿತ್ತು. ಪರದೆ ಕೆಟ್ಟಿದೆ, ಹೊಸದು ಬೇಕೆಂದು ದಾವಣಗೆರೆಯ ಅಂಗಡಿಯವರೊಬ್ಬರು ಹೇಳಿದ್ದರಂತೆ. ಅದಕ್ಕಾಗಿ ಅಪ್ಪ, ನನ್ನ ಪರೀಕ್ಷಾ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣಕ್ಕೆ ಕೈಹಾಕುವವರಿದ್ದರು. ಕಲಾ ವಿಭಾಗದವನಾದ ನಾನು ಈ ವಿಷಯದ ಗೊಡವೆಗೆ ಬಿದ್ದದ್ದು ಹೀಗೆ.

ಪರದೆಯೆಂಬುದು ಸಣ್ಣ ಚೌಕಗಳ ಹಾಸು. ಇವನ್ನು ಪಿಕ್ಸೆಲ್ ಎನ್ನುತ್ತಾರೆ. ನಮ್ಮ ಮನೆಯ ಪರದೆಯಲ್ಲಿ ಅಡ್ಡಲಾಗಿ ೧೯೨೦, ಮೇಲಿಂದ ಕೆಳಕ್ಕೆ ೧೦೮೦, ಒಟ್ಟು ೨೦,೭೩,೬೦೦. ಗಣಕವು ಪ್ರತಿ ಚೌಕದ ನಡುವಿನ ಒಂದು ಬಿಂದುವನ್ನು ನೋಡಿ, ಅಲ್ಲಿ ತಂತಿಯಿದ್ದರೆ ಇಡೀ ಚೌಕಕ್ಕೆ ಕಪ್ಪು, ಇಲ್ಲದಿದ್ದರೆ ಆಕಾಶದ ನೀಲಿ ಬಳಿಯುತ್ತದೆ. ಓರೆಗೆರೆ ಮೆಟ್ಟಿಲಾಗುವುದು ಇದರಿಂದಲೇ. ಚೌಕಕ್ಕಿಂತ ತೆಳುವಾದ ತಂತಿಯು ಆ ಬಿಂದುಗಳ ನಡುವೆ ನುಸುಳಿಹೋಯಿತೆಂದರೆ ಅಲ್ಲಿ ಅದು ಇಲ್ಲವೇ ಇಲ್ಲ!

ನಮ್ಮೂರಿನ ಹರಿಹರೇಶ್ವರನನ್ನು ತಾವು ನೋಡಿರಬಹುದು. ಹೊಯ್ಸಳರ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಗುಡಿಯದು. ಮೂರ್ತಿ ಅರ್ಧ ಹರಿ, ಅರ್ಧ ಹರ. ಶಿಲ್ಪಿಯು ಒಂದೇ ಶಿಲೆಯಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ತೋರಿಸಿದನು. ಪಿಕ್ಸೆಲಿಗೆ ಆ ಭಾಗ್ಯವಿಲ್ಲ. ಅದಕ್ಕೆ ಒಂದು ಸಲಕ್ಕೆ ಒಂದೇ ಬಣ್ಣ. ಅರ್ಧ ತಂತಿ, ಅರ್ಧ ಆಕಾಶ ಬಂದರೆ ಎರಡನ್ನೂ ಬೆರೆಸಿದ ನಡುಬಣ್ಣವನ್ನು ಅದಕ್ಕೆ ಕೊಡಬೇಕು. ತುಸು ದೂರದಿಂದ ನೋಡುವ ಕಣ್ಣು ಅದನ್ನೇ ನಯವಾದ ಅಂಚೆಂದು ಒಪ್ಪಿಕೊಳ್ಳುತ್ತದೆ. ಇದಕ್ಕೆ ಆಂಟಿ-ಅಲಿಯಾಸಿಂಗ್ ಎಂದು ಹೆಸರು. ಗಣಕಚಿತ್ರಗಳ ಈ ದೋಷವನ್ನು ಕುರಿತು ಫ್ರಾಂಕ್ ಕ್ರೋ ಎಂಬವರು ೧೯೭೭ರಲ್ಲಿಯೇ ಬರೆದಿದ್ದರು.

ಎಷ್ಟು ಬೆರೆಸಬೇಕೆಂದು ತಿಳಿಯಲು ಚೌಕಕ್ಕೆ ಒಂದರ ಬದಲು ನಾಲ್ಕು ಬಿಂದುಗಳನ್ನು ನೋಡುವುದುಂಟು. ಒಂದರಲ್ಲಿ ತಂತಿ, ಮೂರರಲ್ಲಿ ಆಕಾಶವಾದರೆ ಕಾಲುಪಾಲು ಕಪ್ಪು. ಆದರೆ ಆಗ ೮೨,೯೪,೪೦೦ ಬಿಂದುಗಳಾದವು. ಅದೂ ಸೆಕೆಂಡಿಗೆ ಹತ್ತಾರು ಸಲ. ಹಳೆಯ ಗಣಕ ಏದುಸಿರು ಬಿಡುತ್ತದೆ. ಇದಕ್ಕಿಂತ ಅಗ್ಗದ ಉಪಾಯ ಎಫ್‌ಎಕ್ಸ್‌ಎಎ ಎಂಬುದು. ಅದು ಬರೆದು ಮುಗಿದ ಚಿತ್ರದಲ್ಲಿ ಅಂಚುಗಳನ್ನು ಹುಡುಕಿ ಸವರುತ್ತದೆ. ಮೆಟ್ಟಿಲೇನೋ ಅಳಿಯುತ್ತದೆ, ಆದರೆ ಅಕ್ಷರಗಳೂ ಮಸುಕಾಗುತ್ತವೆ, ಒಮ್ಮೆ ಕಳೆದುಹೋದ ತಂತಿಯೂ ಮರಳದು. ನನಗಂತೂ ಅದು ರುಚಿಸಲಿಲ್ಲ.

ನಾವು ಆಟದ ಸೆಟ್ಟಿಂಗಿನಲ್ಲಿ ನಾಲ್ಕು ಬಿಂದುಗಳನ್ನೇ ಆರಿಸಿ, ಗಣಕಕ್ಕೆ ಭಾರವಾಗದಿರಲೆಂದು ನೆರಳುಗಳನ್ನು ಕಡಿಮೆ ಮಾಡಿದೆವು. ತಂತಿ ಬಹುಮಟ್ಟಿಗೆ ಕೂಡಿಕೊಂಡಿತು. ಮರಗಳಿಗೆ ನೆರಳೇ ಇಲ್ಲವಲ್ಲ ಅಣ್ಣಾ ಎಂದು ತಮ್ಮ ಗೊಣಗಿದನು. ರಜೆ ಮುಗಿದ ದಿನ ನಾನು ಶುಲ್ಕದ ಹಣವನ್ನು ಜೇಬಿನಲ್ಲಿಟ್ಟುಕೊಂಡು ದಾವಣಗೆರೆಯ ರೈಲು ಹತ್ತಿದೆನು.