ಬಿ.ಎಡ್. ಕಲಿಯುವುದು ಎಲ್ಲಿ ಕೂತು?

ನಿಮ್ಮ ಶಾಲೆಯ ದಿನಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಇದ್ದಕ್ಕಿದ್ದಂತೆ ಒಂದು ದಿನ ಹೊಸ ಟೀಚರೊಬ್ಬರು ಸುರುಳಿ ಸುತ್ತಿದ ಚಾರ್ಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ತರಗತಿಗೆ ಬರುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದ ಹಿರಿಯರೊಬ್ಬರು. ನೀವೆಲ್ಲ "ಬಿ.ಎಡ್. ಟೀಚರ್" ಎಂದು ಮುಸಿಮುಸಿ ನಗುತ್ತಿದ್ದಿರಿ. ಆ ಟೀಚರ ಕೈ ನಡುಗುತ್ತಿದ್ದುದು ನಿಮಗೆ ಕಂಡಿರಲಿಕ್ಕಿಲ್ಲ.

ಈಗ ನಿಮ್ಮಲ್ಲೇ ಕೆಲವರು ಪದವಿ ಮುಗಿಸಿ ಬಿ.ಎಡ್. ಸೇರುವ ಯೋಚನೆಯಲ್ಲಿದ್ದೀರಿ. ಫೀ ಎಷ್ಟು, ಸ್ಟೇಷನ್ನಿಗೆ ಹತ್ತಿರವೇ ಎಂದು ವಿಚಾರಿಸುತ್ತೀರಿ. ವಿಚಾರಿಸಲೇಬೇಕು. ಆದರೆ ಮಕ್ಕಳ ಎದುರು ಎಷ್ಟು ದಿನ ನಿಲ್ಲಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲವಲ್ಲ!

ಉಪನ್ಯಾಸದ ಕೊಠಡಿಯಲ್ಲಿ ಪಿಯಾಜೆ ಎಂಬುದು ಪರೀಕ್ಷೆಗೆ ಬರುವ ಒಂದು ಹೆಸರು. ಕೈ ಬರೆಯುತ್ತದೆ, ಮನಸ್ಸು ಕ್ಯಾಂಟೀನಿನಲ್ಲಿರುತ್ತದೆ. ಆಮೇಲೆ ಬರುವುದು ಸೂಕ್ಷ್ಮಬೋಧನೆ: 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ, 12 ನಿಮಿಷ ತಿದ್ದುಪಡಿ, ಮತ್ತೆ 6 ನಿಮಿಷ ಪಾಠ, 6 ನಿಮಿಷ ವಿಮರ್ಶೆ. ಒಟ್ಟು 36. ಪ್ರಶ್ನೆ ಕೇಳುವುದನ್ನೂ ಕರಿಹಲಗೆ ಬಳಸುವುದನ್ನೂ ಬಿಡಿಬಿಡಿಯಾಗಿ ರೂಢಿಸಿಕೊಳ್ಳಲು ಇದು ಒಳ್ಳೆಯದೇ. ಆದರೆ ಎದುರಿಗೆ ಕೂತವರು ಮಕ್ಕಳಲ್ಲ, ನಿಮ್ಮ ಗೆಳೆಯರು. ಉತ್ತರ ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸುತ್ತಾರೆ. ನಾಳೆ ಅವರ ಸರದಿಗೆ ನೀವೂ ನಟಿಸಬೇಕಲ್ಲವೇ?

ನಿಜವಾದ ತರಗತಿಯಲ್ಲಿ ಯಾರೂ ನಟಿಸುವುದಿಲ್ಲ. "ನಾಲ್ಕಕ್ಕಿಂತ ಎಂಟು ದೊಡ್ಡದು, ಆದ್ದರಿಂದ ಕಾಲು ಭಾಗಕ್ಕಿಂತ ಎಂಟನೇ ಒಂದು ಭಾಗವೇ ದೊಡ್ಡದು" ಎಂದು ಹುಡುಗಿಯೊಬ್ಬಳು ಧೈರ್ಯವಾಗಿ ಹೇಳುತ್ತಾಳೆ. ತಪ್ಪು ಎಂದರೆ ಆಕೆಗೆ ತಿಳಿಯುವುದಿಲ್ಲ. ರೊಟ್ಟಿಯನ್ನೋ ಕಾಗದವನ್ನೋ ಮಡಚಿ, ಹರಿದು ತೋರಿಸಬೇಕಾಗುತ್ತದೆ. ಮಗು ಹೀಗೇಕೆ ಯೋಚಿಸಿತು ಎಂಬ ಪ್ರಶ್ನೆ ಹೊತ್ತು ನೀವು ಮನೆಗೆ ಬರುತ್ತೀರಿ. ಅಂದು ರಾತ್ರಿ ಅದೇ ಪಿಯಾಜೆ ನೋಟ್ಸು ತಾನಾಗಿ ತೆರೆದುಕೊಳ್ಳುತ್ತದೆ. ಓದಿನಲ್ಲಿ ಆಸಕ್ತಿಯಿಲ್ಲದವರೆಂದು ಹೆಸರಾದವರೂ ಇಲ್ಲಿ ಎಚ್ಚೆತ್ತುಕೊಳ್ಳುವುದುಂಟು. 2020ರಲ್ಲಿ ಶಾಲೆಗಳು ಮುಚ್ಚಿ, ಅಭ್ಯಾಸಪಾಠ ಮೊಬೈಲ್ ಪರದೆಗೆ ಇಳಿದಾಗ ಕಳೆದುಹೋದದ್ದು ಇದೇ. ಕ್ಯಾಮೆರಾ ಮುಚ್ಚಿಕೊಂಡ ಮಗುವಿನ ಮುಖ ಓದುವುದು ಹೇಗೆ?

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾದುದು. ಅದರ ಆವರಣದಲ್ಲೇ ಒಂದು ಶಾಲೆಯಿದೆ. ಎಲ್ಲ ಕಾಲೇಜುಗಳಿಗೂ ಆ ಭಾಗ್ಯವಿಲ್ಲ. ನ್ಯಾಯಮೂರ್ತಿ ವರ್ಮಾ ಆಯೋಗದ 2012ರ ವರದಿಯ ನಂತರ, 2014ರ ನಿಯಮಗಳಂತೆ, ಒಂದು ವರ್ಷದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಕನಿಷ್ಠ 20 ವಾರ, ಅದರಲ್ಲಿ 16 ಎರಡನೆಯ ವರ್ಷದಲ್ಲಿ. ಕಾಗದದ ಮೇಲೆ ಸರಿ. ಹಿಂದಿನ ಬೆಂಚಿನ ಹಿರಿಯರು ಪಾಠ ಮುಗಿಯುವವರೆಗೂ ಕೂರುತ್ತಾರೋ, ಸಹಿ ಹಾಕಿ ಎದ್ದುಹೋಗುತ್ತಾರೋ? ಕಾಲೇಜಿನ ಕಚೇರಿಯಲ್ಲಿ ಇದನ್ನು ಹೇಳುವುದಿಲ್ಲ. ಈಗ ಅಲ್ಲಿ ಓದುತ್ತಿರುವವರನ್ನು ಕೇಳಿ.

ಮುಂಬಯಿಯವರಿಗೆ ಇನ್ನೊಂದು ಮಾತು. ಇಲ್ಲಿಯ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಮನೆಯಲ್ಲಿ ಒಂದು ಮಾತು, ಗಲ್ಲಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಕನ್ನಡ ಎಂಬ ಮಕ್ಕಳ ಪಾಡು ನಿಮಗೆ ಯಾರೂ ವಿವರಿಸಬೇಕಾಗಿಲ್ಲ. ನೀವೂ ಹಾಗೆಯೇ ಬೆಳೆದವರು. ಕಾಲೇಜಿನವರು ಕಳಿಸುವ ಶಾಲೆಗಳ ಪಟ್ಟಿಯಲ್ಲಿ ಅಂಥದೊಂದು ಇಲ್ಲದಿದ್ದರೆ, ಸೇರಿಸಲಾಗುವುದೇ ಎಂದು ಪ್ರಾಂಶುಪಾಲರನ್ನು ಕೇಳಿ ನೋಡಿ.